ಬಚ್ಚಲ ನೀರು ಎಲ್ಲಿಗೆ ಹೋಗಬೇಕು?

ಬೇಸಿಗೆಯ ನೀರಿನ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ವಿಷಯ. ಸ್ನಾನ ಮಾಡಿದ ನೀರು, ಬಟ್ಟೆ ಒಗೆದ ನೀರು ಮತ್ತೆ ಉಪಯೋಗಕ್ಕೆ ಬರುತ್ತದಾ? ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ಬೂದು ನೀರು ಅನ್ನುತ್ತಾರೆ. ಕಕ್ಕಸಿನಿಂದ ಬರುವುದು ಕಪ್ಪು ನೀರು. ನಾನು ಬಚ್ಚಲ ನೀರು ಎಂದೇ ಬರೆಯುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಆದರೆ ಇಲ್ಲಿ ಹೇಳುವುದರಲ್ಲಿ ಬಹುಪಾಲು ನಮ್ಮ ಮನೆಯ ಹಿತ್ತಲಲ್ಲೇ ಮಾಡಿ ನೋಡಿದ್ದು.

ಪ್ರಶ್ನೆ: ಮೇಡಂ, ನಮ್ಮದು 30–40 ಸೈಟಿನ ಮನೆ. ಮಾರ್ಚಿಗೇ ಬೋರ್‌ವೆಲ್ ನಿಂತುಹೋಗುತ್ತದೆ. ವಾರಕ್ಕೆ ಎರಡು ಟ್ಯಾಂಕರ್ ತರಿಸುತ್ತೇವೆ. ಸ್ನಾನದ ನೀರು ಹಿಡಿದಿಟ್ಟುಕೊಳ್ಳೋಣ ಅಂದರೆ ನಮ್ಮ ಯಜಮಾನರು, ‘ಅದಕ್ಕೆ ಫಿಲ್ಟರ್ ಪ್ಲಾಂಟ್ ಬೇಕು, ಲಕ್ಷ ಆಗುತ್ತೆ’ ಅನ್ನುತ್ತಾರೆ. ಸಾವಿರ ಲೀಟರಿನ ಟ್ಯಾಂಕ್ ಇಟ್ಟು ತುಂಬಿಸಿಕೊಂಡರೆ ಸಾಲದೇ?
– ಗೃಹಿಣಿ, ನಾಗರಬಾವಿ, ಬೆಂಗಳೂರು

ಉತ್ತರ: ಪ್ಲಾಂಟೂ ಬೇಡ, ಟ್ಯಾಂಕೂ ಬೇಡ. ಟ್ಯಾಂಕಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಆ ತಪ್ಪು ನಾನು ಮಾಡಿದ್ದೇನೆ.

2024ರ ಬೇಸಿಗೆ ನಿಮಗೂ ನೆನಪಿರುತ್ತದೆ. ಆ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿಯವರು ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿದರು. ನಮ್ಮ ಹಿತ್ತಲಲ್ಲಿ ಒಂದು ಬಾಳೆ, ಒಂದು ಪಪ್ಪಾಯಿ, ಒಂದು ನಿಂಬೆ ಗಿಡ ಇದ್ದವು. ಅವು ಒಣಗುವುದನ್ನು ನೋಡಲಾಗಲಿಲ್ಲ. 200 ಲೀಟರಿನ ನೀಲಿ ಡ್ರಮ್ ತಂದು ಬಚ್ಚಲ ಪೈಪಿನ ಕೆಳಗೆ ಇಟ್ಟೆ. ಎರಡು ದಿನಕ್ಕೆ ತುಂಬಿತು. ಮೂರನೇ ದಿನ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಪಕ್ಕದ ಮನೆಯವರು ಬಂದು, ‘ಚರಂಡಿ ಒಡೆದಿದೆಯಾ ನೋಡಿ ಟೀಚರ್’ ಅಂದರು.

ಯಾಕೆ ಹೀಗಾಗುತ್ತದೆ? ಸ್ನಾನದ ನೀರಿನಲ್ಲಿ ಸೋಪು, ಮೈಯ ಎಣ್ಣೆ, ಸತ್ತ ಚರ್ಮ, ಕೂದಲು ಎಲ್ಲ ಇರುತ್ತವೆ. ಬ್ಯಾಕ್ಟೀರಿಯಾಗಳಿಗೆ ಅದು ಊಟ. ತಿನ್ನುತ್ತಾ ತಿನ್ನುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಆಮ್ಲಜನಕ ಮುಗಿದ ಮೇಲೆ ಅದಿಲ್ಲದೆಯೂ ಬದುಕುವ ಬೇರೆ ಜಾತಿಯವು ಹೆಚ್ಚುತ್ತವೆ. ಆ ವಾಸನೆ ಅವುಗಳದ್ದು. ಅದಕ್ಕೇ ಬಚ್ಚಲ ನೀರನ್ನು 24 ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಿಸಬಾರದು. ಬೆಳಗ್ಗೆಯ ನೀರು ಸಂಜೆಯೊಳಗೆ ಮಣ್ಣಿಗೋ ಕಕ್ಕಸಿಗೋ ಹೋಗಿಬಿಡಬೇಕು. ನೀವು ಸಾವಿರ ಲೀಟರ್ ತುಂಬಿಸಿಟ್ಟುಕೊಂಡರೆ ಸಾವಿರ ಲೀಟರ್ ನಾತವನ್ನೇ ತುಂಬಿಸಿಟ್ಟುಕೊಂಡ ಹಾಗೆ.

ಈಗ ಏನು ಮಾಡಬೇಕು ಅನ್ನುವುದು. ಇವತ್ತೇ ಆಗುವ ಕೆಲಸ ಬಕೆಟ್‌ನದು. ಸ್ನಾನ ಮಾಡುವಾಗ ಒಂದು ಅಗಲವಾದ ಪ್ಲಾಸ್ಟಿಕ್ ಟಬ್‌ನಲ್ಲಿ ನಿಂತುಕೊಳ್ಳಿ, ಅಥವಾ ಮಕ್ಕಳಿಗೆ ಅದರಲ್ಲೇ ನೀರು ಹಾಕಿ. ಆ ನೀರನ್ನು ಕಕ್ಕಸಿಗೆ ಬಳಸಿ. ಅರ್ಧ ಬಕೆಟ್ ನೀರನ್ನು ಒಮ್ಮೆಗೇ ರಭಸವಾಗಿ ನೇರ ಕಮೋಡಿಗೆ ಸುರಿಯಿರಿ. ಹಿಂದಿನ ಫ್ಲಷ್ ಟ್ಯಾಂಕಿಗೆ ಮಾತ್ರ ಹಾಕಬೇಡಿ. ಸೋಪಿನ ಜಿಡ್ಡು ಒಳಗಿನ ರಬ್ಬರಿಗೆ ಅಂಟಿಕೊಂಡು ನೀರು ಸೋರುತ್ತದೆ. ನಾನು ಒಂದು ವಾರ ಲೆಕ್ಕ ಬರೆದಿಟ್ಟೆ. ನಾವು ನಾಲ್ವರು. ಸ್ನಾನದ್ದು ದಿನಕ್ಕೆ ಹತ್ತಿರ ಹತ್ತಿರ 130 ಲೀಟರ್ ಆಯಿತು. ಕಕ್ಕಸಿಗೆ ಬೇಕಾದ್ದು 100 ಚಿಲ್ಲರೆ. ಅಂದರೆ ಕಕ್ಕಸಿಗೆ ಟ್ಯಾಂಕರ್ ನೀರು ಒಂದು ಹನಿಯೂ ಬೇಕಾಗಿಲ್ಲ.

ಸ್ವಲ್ಪ ಖರ್ಚು ಮಾಡಬಹುದು ಅಂದರೆ ಪೈಪಿನ ಕೆಲಸ ಮಾಡಿಸಿ. ಮನೆಯ ಹೊರಗಿನ ಗೋಡೆ ನೋಡಿ. ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪೈಪು ಇಳಿದಿರುತ್ತವೆ. ಸಣ್ಣದು ಬಚ್ಚಲದ್ದು, ದಪ್ಪದ್ದು ಕಕ್ಕಸಿನದು. ಹೊಸ ಮನೆಗಳಲ್ಲಿ ಕೆಲವರು ಎರಡನ್ನೂ ಒಂದಕ್ಕೇ ಸೇರಿಸಿಬಿಟ್ಟಿರುತ್ತಾರೆ. ಗೊತ್ತಾಗದಿದ್ದರೆ ಬಚ್ಚಲಿಗೆ ಒಂದು ಬಕೆಟ್ ಅರಿಸಿನದ ನೀರು ಸುರಿದು, ಹೊರಗೆ ಛೇಂಬರ್ ಮುಚ್ಚಳ ತೆಗೆದು ಹಳದಿ ಎಲ್ಲಿ ಬರುತ್ತದೆ ನೋಡಿ. ಆಮೇಲೆ ಕಕ್ಕಸಿನ ಫ್ಲಷ್ ಮಾಡಿ. ಎರಡೂ ಒಂದೇ ಬಾಯಿಂದ ಬಂದರೆ ಈ ಪೈಪಿನ ಕೆಲಸ ಕೈಬಿಡಿ, ಬಕೆಟ್ ಸಾಕು. ಬೇರೆ ಬೇರೆ ಬಂದರೆ ಪ್ಲಂಬರ್ ಹತ್ತಿರ ಬಚ್ಚಲ ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ), ಒಂದು ವಾಲ್ವ್ ಹಾಕಿಸಿ. ವಾಲ್ವ್ ಯಾಕೆ ಅಂದರೆ, ಮಳೆಗಾಲದಲ್ಲಿ ಹಿತ್ತಲು ನೆನೆದಿರುವಾಗ, ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ, ನೀರನ್ನು ಮೊದಲಿನ ಹಾಗೆ ಒಳಚರಂಡಿಗೇ ಬಿಡಬೇಕು.

ನಮ್ಮ ಹಿತ್ತಲಲ್ಲಿ ಆ ನೀರು ಒಂದು ತೊಟ್ಟಿಗೆ ಹೋಗುತ್ತದೆ. ಇಟ್ಟಿಗೆಯದು, 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ. ಒಳಗೆ ಸಿಮೆಂಟ್ ಗಿಲಾವು. ನೀರು ಬರುವ ಬದಿಯಲ್ಲಿ ದಪ್ಪ ಜಲ್ಲಿ, ಮುಂದೆ ಮುಕ್ಕಾಲು ಇಂಚಿನ ಜಲ್ಲಿ, ಮೇಲಿನವರೆಗೂ ತುಂಬಿದೆ. ಅದರಲ್ಲಿ ನರ್ಸರಿಯವರು ಕ್ಯಾನಾ ಅನ್ನುವ, ಬಾಳೆಯಂಥ ಎಲೆಯ ಹೂಗಿಡ ನೆಟ್ಟಿದ್ದೇನೆ. ಕೆಸುವೂ ಆಗುತ್ತದೆ, ಆದರೆ ಇಲ್ಲಿ ಬೆಳೆದ ಕೆಸುವನ್ನು ಅಡುಗೆಗೆ ತೆಗೆಯಬೇಡಿ. ನೀರು ಹೊರಗೆ ಹೋಗುವ ತೂತು ಜಲ್ಲಿಯ ಮಟ್ಟಕ್ಕಿಂತ ಮೂರು ಇಂಚು ಕೆಳಗಿದೆ. ಹಾಗಾಗಿ ನೀರು ಯಾವಾಗಲೂ ಜಲ್ಲಿಯ ಕೆಳಗೇ ಇರುತ್ತದೆ. ಸೊಳ್ಳೆಗೆ ಮೊಟ್ಟೆ ಇಡಲು ಜಾಗ ಇಲ್ಲ. ಜಲ್ಲಿಗೆ, ಬೇರಿಗೆ ಅಂಟಿಕೊಂಡ ಜೀವಾಣುಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಆಚೆ ಬದಿಯಿಂದ ಬರುವ ನೀರಿಗೆ ಅಷ್ಟಾಗಿ ವಾಸನೆ ಇಲ್ಲ, ನೊರೆಯೂ ಇಲ್ಲ. ಅದು ಸಣ್ಣ ಕಾಲುವೆಯಲ್ಲಿ ಬಾಳೆಯ ಬುಡಕ್ಕೆ ಹೋಗುತ್ತದೆ. ಪೈಪಿನ ಬಾಯಿಗೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ, ಕೂದಲಿಗೆ. ವಾರಕ್ಕೊಮ್ಮೆ ಬಿಚ್ಚಿ ಕೊಡವಬೇಕು. ಇದನ್ನು ಬಿಟ್ಟರೆ ಎಲ್ಲ ಕಟ್ಟಿಕೊಳ್ಳುತ್ತದೆ.

ನಿಮ್ಮ ಯಜಮಾನರಿಗೆ ಇನ್ನೊಂದು ಮಾತು ಹೇಳಿ. ನಲ್ಲಿಯಲ್ಲಿ ಬರುವ ಕಾವೇರಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬರುತ್ತಾಳೆ. ಸುಮಾರು 100 ಕಿಲೋಮೀಟರ್ ದೂರ. ಮೂರು ಹಂತದಲ್ಲಿ ಪಂಪ್ ಮಾಡಿ ಮೇಲೆತ್ತುತ್ತಾರೆ. ಅಷ್ಟು ಕರೆಂಟ್ ಸುಟ್ಟು ತಂದ ನೀರನ್ನು ಒಂದೇ ಸಲ ಮುಟ್ಟಿ ಚರಂಡಿಗೆ ಬಿಡುವುದು ನನಗೆ ಸಂಕಟ ಆಗುತ್ತದೆ.

ಪ್ರಶ್ನೆ: ವಾಷಿಂಗ್ ಮಷೀನ್ ನೀರನ್ನು ಎಂಟು ತಿಂಗಳಿಂದ ಗಿಡಗಳಿಗೆ ಬಿಡುತ್ತಿದ್ದೇನೆ. ಮೊದಲು ಚೆನ್ನಾಗಿದ್ದವು. ಈಗ ಎಲೆಯ ಅಂಚು ಸುಟ್ಟ ಹಾಗೆ ಆಗಿದೆ. ಮಣ್ಣು ಹೆಂಚಿನ ಹಾಗೆ ಗಟ್ಟಿ. ನೀರು ಹಾಕಿದರೆ ಇಂಗುವುದೇ ಇಲ್ಲ. ನಮ್ಮದು ಎರೆಮಣ್ಣು.
– ನಿವೃತ್ತ ನೌಕರರು, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದಿ ನನ್ನ ನಿಂಬೆ ಗಿಡ ನೆನಪಾಯಿತು. ಅದೂ ಹೀಗೇ ಹೋಯಿತು. ಗಿಡ ನೀರಿನಿಂದ ಕೆಟ್ಟಿಲ್ಲ ಸರ್, ಸೋಡಿಯಂನಿಂದ ಕೆಟ್ಟಿದೆ.

ಬಟ್ಟೆ ಪುಡಿಯಲ್ಲಿ ವಾಷಿಂಗ್ ಸೋಡಾ ಧಾರಾಳವಾಗಿ ಇರುತ್ತದೆ. ಅದು ಸೋಡಿಯಂನ ಉಪ್ಪು. ಎರೆಮಣ್ಣಿನ ಕಣ ತುಂಬಾ ಸಣ್ಣದು. ಕ್ಯಾಲ್ಸಿಯಂ ಇದ್ದಾಗ ಆ ಕಣಗಳು ಒಂದಕ್ಕೊಂದು ಹಿಡಿದುಕೊಂಡು ಉಂಡೆ ಉಂಡೆಯಾಗಿ ಇರುತ್ತವೆ. ನಡುವೆ ಗಾಳಿ, ನೀರು ಓಡಾಡುತ್ತದೆ. ಸೋಡಿಯಂ ಬಂದು ಕ್ಯಾಲ್ಸಿಯಂನ ಜಾಗದಲ್ಲಿ ಕೂತರೆ ಉಂಡೆ ಬಿಚ್ಚಿಹೋಗುತ್ತದೆ. ಕಣಗಳು ಚದುರಿ ಸಂದುಗಳನ್ನೆಲ್ಲ ಮುಚ್ಚುತ್ತವೆ. ಒಣಗಿದಾಗ ಹೆಂಚು. ಕರಾವಳಿಯಲ್ಲಾದರೆ ಒಂದು ಮಳೆಗಾಲದ ಮಳೆಗೆ ಈ ಉಪ್ಪೆಲ್ಲ ತೊಳೆದುಹೋಗುತ್ತದೆ. ನಿಮ್ಮ ಕಡೆ ಅಷ್ಟು ಮಳೆ ಇಲ್ಲ, ಮಣ್ಣೂ ಬಿಗಿ. ಉಪ್ಪು ಅಲ್ಲೇ ಉಳಿಯುತ್ತದೆ.

ಒಂದು ಪರೀಕ್ಷೆ ಮಾಡಿ. ಗಿಡದ ಬುಡದಿಂದ ಕಡಲೆಕಾಳಿನಷ್ಟು ಒಣ ಹೆಂಟೆ ತೆಗೆದುಕೊಳ್ಳಿ. ಗಾಜಿನ ಲೋಟದಲ್ಲಿ ಮಳೆ ನೀರು, ಇಲ್ಲದಿದ್ದರೆ ಎಸಿಯಿಂದ ತೊಟ್ಟಿಕ್ಕುವ ನೀರು ಹಾಕಿ. ಬೋರ್ ನೀರು ಆಗುವುದಿಲ್ಲ, ಅದರಲ್ಲಿ ಬೇರೆ ಲವಣ ಇರುತ್ತದೆ. ಹೆಂಟೆಯನ್ನು ಮೆಲ್ಲಗೆ ಬಿಡಿ, ಅಲ್ಲಾಡಿಸಬೇಡಿ. ಎರಡು ಗಂಟೆ ಬಿಟ್ಟು ನೋಡಿ. ಸುತ್ತ ಹಾಲಿನ ಹಾಗೆ ಮೋಡ ಕವಿದಿದ್ದರೆ ಸೋಡಿಯಂ ಜಾಸ್ತಿ ಆಗಿದೆ. ಹೆಂಟೆ ಒಡೆದು ಬಿದ್ದರೂ ನೀರು ತಿಳಿಯಾಗಿದ್ದರೆ ಗಾಬರಿ ಬೇಡ.

ಮೋಡ ಬಂದರೆ ಗೊಬ್ಬರದ ಅಂಗಡಿಯಲ್ಲಿ ಜಿಪ್ಸಂ ಸಿಗುತ್ತದೆ, ತನ್ನಿ. ಸುಣ್ಣ ಅಲ್ಲ, ಜಿಪ್ಸಂ. ಪಾತಿಗೆ ಎರಡು ಮೂರು ಹಿಡಿ ಹಾಕಿ ಮೇಲಿನ ಮಣ್ಣಿಗೆ ಬೆರೆಸಿ, ಒಳ್ಳೆಯ ನೀರು ಚೆನ್ನಾಗಿ ಕೊಡಿ. ಅದರ ಕ್ಯಾಲ್ಸಿಯಂ ಸೋಡಿಯಂನ್ನು ಕೀಳುತ್ತದೆ, ನೀರು ಅದನ್ನು ಕೆಳಗೆ ಇಳಿಸುತ್ತದೆ. ಮಳೆಗಾಲಕ್ಕೆ ಸ್ವಲ್ಪ ಮುಂಚೆ ಮಾಡಿದರೆ ಇನ್ನೂ ಒಳ್ಳೆಯದು. ಜೊತೆಗೆ ಕೊಟ್ಟಿಗೆ ಗೊಬ್ಬರ.

ಇನ್ನು ಮುಂದೆ ಮಷೀನಿನ ಮೊದಲ ನೀರನ್ನು ಚರಂಡಿಗೆ ಬಿಡಿ. ಪುಡಿಯೆಲ್ಲ ಹೋಗುವುದು ಅದರಲ್ಲೇ. ಆಮೇಲೆ ಜಾಲಿಸಿದ ನೀರನ್ನು ಮಾತ್ರ ಗಿಡಕ್ಕೆ ಬಿಡಿ. ಮೊದಲ ನೀರು ವ್ಯರ್ಥ ಆಯಿತು ಅನ್ನಿಸಿದರೆ ಬಕೆಟ್‌ಗೆ ಹಿಡಿದು ಕಕ್ಕಸಿಗೆ, ಅಂಗಳ ತೊಳೆಯಲು ಬಳಸಿ. ಬ್ಲೀಚ್, ಬೋರಾಕ್ಸ್ ಇರುವ ಪುಡಿ ತರಲೇಬೇಡಿ. ಬೋರಾಕ್ಸ್‌ನಲ್ಲಿರುವ ಬೋರಾನ್ ಗಿಡಕ್ಕೆ ಚಿಟಿಕೆಯಷ್ಟು ಬೇಕು, ಸ್ವಲ್ಪ ಜಾಸ್ತಿ ಆದರೂ ಎಲೆಯ ಅಂಚು ಸುಡುತ್ತದೆ.

ನೀರಿನ ಕ್ಷಾರ ನೋಡಲು ಮನೆಯಲ್ಲೇ ದಾರಿ ಇದೆ. ಬಿಳಿ ಕಾಗದಕ್ಕೆ ಅರಿಸಿನ ಕಲಸಿ ಹಚ್ಚಿ ಒಣಗಿಸಿ. ಬಟ್ಟೆ ನೀರಿನ ಒಂದು ಹನಿ ಬಿಡಿ. ಕೆಂಪಾದರೆ ಕ್ಷಾರ ಇದೆ, ಗಿಡಕ್ಕೆ ಬೇಡ. ಆರತಿ ನೀರಿಗೆ ಅರಿಸಿನ, ಸುಣ್ಣ ಹಾಕಿದಾಗ ಕೆಂಪಾಗುತ್ತದಲ್ಲ, ಅದೇ ವಿಷಯ ಇದು. ನಾನು ಎಂಟನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಇದನ್ನು ಮಾಡಿಸುತ್ತಿದ್ದೆ.

ದಿನದ ಬಟ್ಟೆಗೆ ನಮ್ಮ ಮನೆಯಲ್ಲಿ ಈಗ ಅಂಟುವಾಳ. ಏಳೆಂಟು ಕಾಯಿಯ ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿದರೆ ಒಂದು ಬಕೆಟ್ ಬಟ್ಟೆಗೆ ಆಗುತ್ತದೆ. ಎಣ್ಣೆ ಕಲೆ ಹೋಗುವುದಿಲ್ಲ, ಬೆವರು ಧೂಳು ಹೋಗುತ್ತದೆ. ನಮ್ಮಮ್ಮ ಸೀಗೆಪುಡಿಯಲ್ಲಿ ತಲೆ ತೊಳೆದು, ಕಡಲೆಹಿಟ್ಟಿನಲ್ಲಿ ಮೈ ಉಜ್ಜುತ್ತಿದ್ದರು. ಬಚ್ಚಲ ಹಿಂದೆ ಇದ್ದ ಬಾಳೆ, ಬಸಳೆ ವರ್ಷವೆಲ್ಲ ಹಸಿರಾಗಿ ಇರುತ್ತಿದ್ದವು. ಅದೇ ಬಚ್ಚಲು, ಅದೇ ಬಾಳೆ ಇವತ್ತು ಸೊರಗಿದರೆ ಸೋಪಿನ ಕಡೆ ನೋಡಬೇಕು.

ಪ್ರಶ್ನೆ: ಅಡುಗೆಮನೆಯ ಸಿಂಕಿನ ನೀರನ್ನೂ ಇದಕ್ಕೇ ಸೇರಿಸಬಹುದೇ?
– ಓದುಗರು, ಪುತ್ತೂರು

ಉತ್ತರ: ಬೇಡ. ಎಣ್ಣೆ ಜಿಡ್ಡು ಜಲ್ಲಿಯನ್ನೂ ಮಣ್ಣನ್ನೂ ಕಟ್ಟಿಸುತ್ತದೆ. ಅನ್ನದ ಅಗುಳಿಗೆ ಇಲಿ, ಜಿರಳೆ ಬರುತ್ತವೆ. ಆದರೆ ಸೋಪು ಮುಟ್ಟುವ ಮೊದಲಿನ ನೀರು ಬಂಗಾರ. ಅಕ್ಕಿ ತೊಳೆದ ಅಕ್ಕಚ್ಚು, ಬೇಳೆ ತೊಳೆದದ್ದು, ಸೊಪ್ಪು ತರಕಾರಿ ತೊಳೆದದ್ದು. ಸಿಂಕಿನ ಪಕ್ಕ ಒಂದು ಪಾತ್ರೆ ಇಡಿ. ಹಸು ಇರುವ ಮನೆಯಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅಕ್ಕಚ್ಚು ಸೀದಾ ಕಲಗಚ್ಚಿನ ಬಾನಿಗೆ ಹೋಗುತ್ತದೆ. ಹಸು ಇಲ್ಲದವರು ಅದೇ ದಿನ ಕುಂಡಗಳಿಗೆ ಹಾಕಿ.

ಪ್ರಶ್ನೆ: ತುಳಸಿಗೂ ಪೂಜೆಯ ಹೂಗಿಡಕ್ಕೂ ಬಚ್ಚಲ ನೀರು ಹಾಕಬಾರದು ಎಂದು ಅತ್ತೆ ಹಟ ಹಿಡಿದಿದ್ದಾರೆ. ನೀರಿಲ್ಲದ ಕಾಲದಲ್ಲಿ ಇಂಥ ಮಡಿ ಬೇಕಾ?
– ಸೊಸೆ, ಮೈಸೂರು

ಉತ್ತರ: ತುಳಸಿಯ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತು ಸರಿ. ಅವರು ಮಡಿ ಅನ್ನುತ್ತಾರೆ, ನಾನು ಬೇರೆ ಕಾರಣ ಹೇಳುತ್ತೇನೆ. ತುಳಸಿ ದಳವನ್ನು ನಾವು ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತೇವೆ. ಸ್ನಾನದ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಅಷ್ಟೋ ಇಷ್ಟೋ ಇದ್ದೇ ಇರುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿ, ಕ್ಯಾರೆಟ್ ಯಾವುದಕ್ಕೂ ಇದು ಬೇಡ. ಬಾಳೆ, ಪಪ್ಪಾಯಿ, ತೆಂಗು, ನುಗ್ಗೆಗೆ ಹಾಕಬಹುದು. ಹಣ್ಣು, ಕಾಯಿ ನೆಲದಿಂದ ಎತ್ತರದಲ್ಲಿ ಇರುತ್ತದೆ, ನೀರು ತಾಗುವುದಿಲ್ಲ. ಬುಡಕ್ಕೆ ಬಿಡಿ, ಎಲೆಯ ಮೇಲೆ ಚಿಮುಕಿಸಬೇಡಿ. ತುಳಸಿಗೆ ಅಕ್ಕಿ ತೊಳೆದ ನೀರು ಕೊಡಿ, ಅತ್ತೆಯವರೂ ಒಪ್ಪುತ್ತಾರೆ.

ಮನೆಯಲ್ಲಿ ಎಳೆ ಮಗು ಇದ್ದರೆ ಇದನ್ನೂ ನೆನಪಿಡಿ. ಮಲ ತಾಗಿದ ಬಟ್ಟೆ ತೊಳೆದ ನೀರು ಬಚ್ಚಲ ನೀರಲ್ಲ, ಅದು ಕಕ್ಕಸಿಗೇ ಹೋಗಬೇಕು.

ಪ್ರಶ್ನೆ: ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಆರ್‌ಒ ಫಿಲ್ಟರ್ ಹಾಕಿಸಿದ್ದೇವೆ. ಒಂದು ಬಿಂದಿಗೆಗೆ ಎರಡು ಮೂರು ಬಿಂದಿಗೆ ನೀರು ಹೊರಗೆ ಹೋಗುತ್ತದೆ. ನೋಡಲು ಚೊಕ್ಕಟವಾಗಿದೆ. ಹಸುವಿಗೆ ಕುಡಿಸಬಹುದೇ?
– ರೈತ ಮಹಿಳೆ, ಕೋಲಾರ ಜಿಲ್ಲೆ

ಉತ್ತರ: ದಯವಿಟ್ಟು ಕುಡಿಸಬೇಡಿ ತಾಯಿ. ನೀವು ಕುಡಿಯುವ ಬಿಂದಿಗೆಯಿಂದ ತೆಗೆದ ಫ್ಲೋರೈಡ್ ಆ ನೀರಿನಲ್ಲೇ ಸೇರಿದೆ. ಬೋರ್‌ನಿಂದ ಬಂದದ್ದಕ್ಕಿಂತ ಅದರಲ್ಲಿ ಜಾಸ್ತಿ ಇರುತ್ತದೆ. ಮನುಷ್ಯರಿಗೆ ಆಗುವ ಹಾಗೆ ದನಗಳಿಗೂ ಹಲ್ಲು ಸವೆಯುತ್ತದೆ, ಮೂಳೆ ಹಿಡಿದುಕೊಳ್ಳುತ್ತದೆ. ನೆಲ ಒರೆಸಲು, ಕಕ್ಕಸಿಗೆ, ಗಾಡಿ ತೊಳೆಯಲು ಬಳಸಿ. ಅಡುಗೆಗೆ ಬೇಡ. ಗಿಡಕ್ಕೂ ದಿನಾ ಅದನ್ನೇ ಹಾಕಬೇಡಿ, ಲವಣ ಕೂರುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ನೀರನ್ನು ಫ್ಲಷ್‌ಗೆ ಕೊಡುತ್ತಾರೆ. ಕೆಲವು ದಿನ ಹಳದಿ, ಕೆಲವು ದಿನ ವಾಸನೆ. ಇದರಿಂದ ಕಾಯಿಲೆ ಬರುತ್ತದಾ?
– ಓದುಗರು, ಸರ್ಜಾಪುರ ರಸ್ತೆ

ಉತ್ತರ: ಸ್ವಲ್ಪ ಬಣ್ಣ ಇದ್ದರೆ ಪರವಾಗಿಲ್ಲ. ವಾಸನೆ ಇದ್ದರೆ ಒಳಗೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ. ಕರೆಂಟ್ ಉಳಿಸಲು ಗಾಳಿ ಊದುವ ಬ್ಲೋವರ್ ನಿಲ್ಲಿಸುವುದುಂಟು. ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಕ್ಲೋರಿನ್ ಎಷ್ಟು ಹಾಕುತ್ತಾರೆ ಎಂದು ಸಂಘದವರ ಹತ್ತಿರ ಬರೆದ ಲೆಕ್ಕ ಕೇಳಿ. ಕೇಳುವುದು ನಿಮ್ಮ ಹಕ್ಕು. ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ಕಮೋಡಿನ ಪಕ್ಕದಲ್ಲಿರುವ ಕೈ ಸ್ಪ್ರೇಗೆ ಯಾವ ಪೈಪಿನ ನೀರು ಬರುತ್ತಿದೆ, ಇವತ್ತೇ ನೋಡಿ. ಫ್ಲಷ್ ಲೈನ್ ಮುಚ್ಚಿಸಿ ಸ್ಪ್ರೇ ಒತ್ತಿ. ನೀರು ನಿಂತರೆ ಪ್ಲಂಬರ್ ತಪ್ಪು ಲೈನಿಗೆ ಸೇರಿಸಿದ್ದಾನೆ. ಮೈಗೆ ತಾಗುವ ನೀರು ಒಳ್ಳೆಯ ನೀರೇ ಆಗಿರಬೇಕು.

ಪ್ರಶ್ನೆ: ನಾವು ನರೇಗಾದಲ್ಲಿ ಬಚ್ಚಲು ಗುಂಡಿ (ಬಚ್ಚಲ ನೀರು ಇಂಗಲು ಕಲ್ಲು ತುಂಬಿದ ಗುಂಡಿ) ಮಾಡಿಸಿಕೊಂಡೆವು. ಬೀದಿಗೆ ಕೊಚ್ಚೆ ಹರಿಯುವುದು ತಪ್ಪಿದ್ದು ನಿಜ. ಆದರೆ ಮೂರು ವರ್ಷಕ್ಕೇ ಗುಂಡಿ ತುಂಬಿ ಉಕ್ಕುತ್ತಿದೆ.
– ಓದುಗರು, ಶಿರಾ ತಾಲ್ಲೂಕು

ಉತ್ತರ: ಸೋಪಿನ ಜಿಡ್ಡು, ಕೂದಲು, ಮಣ್ಣು ಸೇರಿ ಒಳಗಿನ ಕಲ್ಲಿನ ಸಂದು ಕಟ್ಟಿಕೊಂಡಿದೆ. ಬೇಸಿಗೆಯಲ್ಲಿ ನಾಲ್ಕೈದು ದಿನ ನೀರು ಬೇರೆ ಕಡೆ ತಿರುಗಿಸಿ. ಕಲ್ಲು ತೆಗೆದು, ತೊಳೆದು, ಬಿಸಿಲಿಗೆ ಒಣಗಿಸಿ ಮತ್ತೆ ತುಂಬಿ. ದಪ್ಪ ಕಲ್ಲು ಕೆಳಗೆ, ಸಣ್ಣ ಜಲ್ಲಿ ಮೇಲೆ. ಗುಂಡಿಗೆ ಮುಂಚೆ ಒಂದು ಮಡಕೆಯನ್ನೋ ಸಣ್ಣ ತೊಟ್ಟಿಯನ್ನೋ ಇಡಿ. ಕಸ ಅಲ್ಲೇ ಕೂರುತ್ತದೆ, ವಾರಕ್ಕೊಮ್ಮೆ ಬಳಿದು ಹಾಕಿದರೆ ಆಯಿತು. ಕುಡಿಯುವ ಬಾವಿ, ಬೋರ್ 30–40 ಅಡಿಯ ಒಳಗೆ ಇದ್ದರೆ ಗುಂಡಿಯ ಜಾಗ ಬದಲಾಯಿಸಿ. ಜಾಗ ಇದ್ದರೆ ಪಕ್ಕದಲ್ಲೇ ಎರಡು ಬಾಳೆಕಂದು ನೆಡಿ. ಗುಂಡಿಯಿಂದ ಇಂಗುವ ನೀರನ್ನು ಅವು ಸಾಕಷ್ಟು ಕುಡಿಯುತ್ತವೆ.

ಪ್ರಶ್ನೆ: ಮಿಸ್, ನಾನು ಒಂಬತ್ತನೇ ತರಗತಿ. ನಮ್ಮ ಮನೆಯಲ್ಲಿ ಎಷ್ಟು ನೀರು ಮತ್ತೆ ಬಳಸಬಹುದು ಎಂದು ಪ್ರಾಜೆಕ್ಟ್ ಮಾಡಬೇಕು. ಮೀಟರ್ ಇಲ್ಲ. ಹೇಗೆ ಅಳೆಯಲಿ?
– ವಿದ್ಯಾರ್ಥಿನಿ, ಗದಗ

ಉತ್ತರ: ಮೀಟರ್ ಬೇಡ ಮಗಳೇ. ನಿಮ್ಮ ಮನೆಯ ಬಕೆಟ್ ಎಷ್ಟು ಲೀಟರಿನದು ಎಂದು ಮೊದಲು ಗೊತ್ತು ಮಾಡಿಕೋ. ಒಂದು ಲೀಟರಿನ ಬಾಟಲಿಯಲ್ಲಿ ಎಣಿಸುತ್ತಾ ತುಂಬಿಸು. ಆಮೇಲೆ ನಲ್ಲಿ ಕೆಳಗೆ ಇಟ್ಟು ತುಂಬಲು ಎಷ್ಟು ಸೆಕೆಂಡ್ ಬೇಕು ನೋಡು. ಈಗ ನಲ್ಲಿ ಎಷ್ಟು ಹೊತ್ತು ಬಿಟ್ಟರು ಎಂದು ಗೊತ್ತಾದರೆ ಲೀಟರ್ ಗೊತ್ತಾಗುತ್ತದೆ.

ಹೋಲಿಸಿ ನೋಡಲು ಒಂದು ಲೆಕ್ಕ ಕೊಡುತ್ತೇನೆ. ನಮ್ಮ ದೇಶದಲ್ಲಿ ಒಳಚರಂಡಿ ಇರುವ ಊರಿನ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಾಕುತ್ತಾರೆ. ಕುಡಿಯಲು 5, ಅಡುಗೆಗೆ 5, ಸ್ನಾನಕ್ಕೆ 55, ಬಟ್ಟೆಗೆ 20, ಪಾತ್ರೆಗೆ 10, ಮನೆ ತೊಳೆಯಲು 10, ಕಕ್ಕಸಿಗೆ 30. ಸ್ನಾನ, ಬಟ್ಟೆ ಎರಡೂ ಕೂಡಿಸಿದರೆ 75. ಅರ್ಧಕ್ಕಿಂತ ಜಾಸ್ತಿ ಅಲ್ವಾ? ನಿಮ್ಮ ಮನೆಯಲ್ಲಿ ಈ ಅಂಕಿ ಬೇರೆಯೇ ಬರುತ್ತದೆ, ಬಹುಶಃ ಕಡಿಮೆ. ಬಂದದ್ದನ್ನೇ ಬರೆ, ಪುಸ್ತಕದ ಅಂಕಿಗೆ ಹೊಂದಿಸಬೇಡ.

ಏಳು ದಿನ ಬರೆ. ಭಾನುವಾರ ಎಣ್ಣೆ ಸ್ನಾನ ಇದ್ದರೆ ಅದನ್ನು ಬೇರೆ ಗೆರೆಯಲ್ಲಿ ತೋರಿಸು. ಮುಗಿದ ಮೇಲೆ ಪಟ್ಟಿಯ ಒಂದು ಪ್ರತಿ ನನಗೆ ಕಳಿಸು. ನಿನ್ನ ಅಂಕಿಗಳನ್ನು ನಾನು ಬರೆದಿಟ್ಟ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.